ಹೊನ್ನವ್ವ ಆ ದಿನ ಎಲ್ಲಿದ್ದಳು

ಅಣೆಕಟ್ಟು ಒಡೆದ ದಿನ ನಾನಿನ್ನೂ ಹುಟ್ಟಿರಲಿಲ್ಲ. ಹಾಗಾಗಿ ವರ್ಷಕ್ಕೊಮ್ಮೆ ಆ ದಿನ ಬಂದಾಗ ನನ್ನ ಪಾಲಿಗೆ ಬರುವ ಕೆಲಸವೆಂದರೆ ಚಹಾ ಹಂಚುವುದು, ರಸ್ತೆಗೆ ಅಡ್ಡ ಹಗ್ಗ ಕಟ್ಟುವುದು, ಮುದುಕರ ಕೈಹಿಡಿದು ಅವರವರ ಜಾಗಕ್ಕೆ ಮುಟ್ಟಿಸುವುದು. ನನ್ನಂಥವರನ್ನು ನಮ್ಮೂರಲ್ಲಿ ಖಾಲಿ ಕಿವಿಯವರು ಎನ್ನುತ್ತಾರೆ. ಬೈಗುಳವಲ್ಲ ಅದು. ನಮಗೆ ಏನೂ ಕೇಳಿಸುವುದಿಲ್ಲ, ಅಷ್ಟೆ. ಉಳಿದವರಿಗೆ ಕೇಳಿಸುತ್ತದೆ. ರೇಡಿಯೋದಲ್ಲಿ ಸುದ್ದಿ ಬಂದ ಹೊತ್ತಿನಲ್ಲಿ ಯಾರು ಎಲ್ಲಿದ್ದರೋ ಅಲ್ಲಿಗೇ ಹೋಗಿ ನಿಂತರೆ, ಅವತ್ತು ಅವರ ಕಿವಿಗೆ ಬಿದ್ದದ್ದೆಲ್ಲ ಇನ್ನೊಮ್ಮೆ ಬೀಳುತ್ತದೆ. ಸುದ್ದಿಗೆ ಸ್ವಲ್ಪ ಮುಂಚಿನ ಮಾತುಕತೆ, ಆಮೇಲೆ ಸುದ್ದಿ, ಅಲ್ಲಿಗೆ ಮುಗಿಯಿತು. ಕಿವುಡರಾದವರಿಗೂ ಅವತ್ತು ಸ್ಪಷ್ಟವಾಗಿ ಕೇಳುತ್ತದೆ.

ದೇಶಕ್ಕೇ ದೊಡ್ಡ ಅಣೆಕಟ್ಟು ಅದು. ಕಟ್ಟಿ ಮುಗಿಯುವ ಮೊದಲೇ ಒಡೆಯಿತು. ಕಟ್ಟುತ್ತಿದ್ದವರು, ಕೆಳಗಿನ ಊರುಗಳವರು, ಎಷ್ಟು ಜನ ಹೋದರೋ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ದೇಶದ ಉಳಿದ ಊರುಗಳಲ್ಲಿ ಆ ದಿನ ಬಾವುಟ ಅರ್ಧಕ್ಕೆ ಇಳಿಸಿ, ಎದ್ದು ನಿಂತು ಮೌನ ಆಚರಿಸುತ್ತಾರೆ. ನಮ್ಮಲ್ಲಿ ಯಾರಿಗೂ ಮೌನವಾಗಿರಿ ಎಂದು ಹೇಳಬೇಕಾಗಿಲ್ಲ. ಎಲ್ಲರೂ ಕಿವಿಗೊಟ್ಟು ನಿಂತಿರುತ್ತಾರೆ.

ಹೆಂಡತಿ ಸತ್ತ ರುದ್ರಪ್ಪಜ್ಜ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತಲೆಗೆ ಎಣ್ಣೆ ಹಚ್ಚಿಕೊಂಡು, ಮಾರಿಹೋದ ತನ್ನ ಹಳೆಯ ಮನೆಯ ಅಡುಗೆಮನೆಗೆ ಹೋಗುತ್ತಾನೆ. ಆ ಮನೆಯ ಹೊಸ ಸೊಸೆ ಒಲೆ ಆರಿಸಿ ಹೊರಗೆ ಬಂದು ಕೂರುತ್ತಾಳೆ. ಒಳಗೆ ಅವನ ಹೆಂಡತಿ ಅವನನ್ನು, "ಆ ಡಬ್ಬಿ ಅಲ್ಲ, ಅದರ ಬಾಜೂಕಿಂದು" ಎಂದು ಗದರುತ್ತಾಳೆ. ಅಷ್ಟು ಕೇಳಿಸಿಕೊಂಡು ಬರುವಾಗ ಅಜ್ಜನ ಮುಖ ನೋಡಬೇಕು. ಆಗ ಹೆಂಚು ಹೊದಿಸುತ್ತಿದ್ದ ಮನುಷ್ಯ ಈಗ ಇನ್ನೊಬ್ಬರ ಮಾಳಿಗೆ ಮನೆಯ ಮಲಗುವ ಕೋಣೆಯಲ್ಲಿ ಮಂಚದ ಮೇಲೆ ನಿಲ್ಲುತ್ತಾನೆ. ರಸ್ತೆ ಅಗಲ ಮಾಡಿದ ಮೇಲೆ ನಾಲ್ಕಾರು ಹೆಂಗಸರ ಜಾಗ ನಡುರಸ್ತೆಗೆ ಬಂತು. ಅವರು ಅಲ್ಲೇ ಚಾಪೆ ಹಾಸಿ ಕೂರುತ್ತಾರೆ, ಲಾರಿಗಳು ಕಾಯುತ್ತವೆ. ಆಗ ಹುಡುಗರಾಗಿದ್ದವರು ಮಂಡಿಯೂರಿಯೋ ಕುಕ್ಕರಗಾಲಲ್ಲಿ ಕೂತೋ ಅವತ್ತಿನ ಎತ್ತರಕ್ಕೆ ಇಳಿಯಬೇಕಾಗುತ್ತದೆ. ಏನು ಕೇಳಿತು ಎಂದು ಒಬ್ಬರನ್ನೊಬ್ಬರು ಕೇಳುವ ಪದ್ಧತಿ ಮಾತ್ರ ಇಲ್ಲ. ಅವರಾಗಿ ಹೇಳಿದರೆ ಉಂಟು.

ಇಂಥ ಊರಿನಲ್ಲಿ ನಮ್ಮಕ್ಕ ಹೊನ್ನವ್ವನಿಗೆ ನಿಲ್ಲಲು ಜಾಗ ಇರಲಿಲ್ಲ.

ಅವಳು ನನ್ನ ಒಡಹುಟ್ಟಿದವಳಲ್ಲ. ಅಣೆಕಟ್ಟು ಒಡೆದ ದಿನ ಸಂಜೆ ನಮ್ಮಪ್ಪ ಫಕೀರಪ್ಪನಿಗೆ ಅರಳೆ ಪೇಟೆಯ ಮೆಟ್ಟಿಲ ಮೇಲೆ ಸಿಕ್ಕವಳು. ಅಪ್ಪ ಗಾದಿ ಹೊಲಿಯುವವನು. ಅರಳೆ ತರಲು ಹೋದವನಿಗೆ ಮೂರು ವರ್ಷದ ಹೆಣ್ಣುಕೂಸು ಅಳುವುದಕ್ಕೂ ಬಲವಿಲ್ಲದೆ ಕೂತಿದ್ದು ಕಂಡಿತು. ಅವತ್ತು ನಮ್ಮೂರು ಊರಾಗಿರಲಿಲ್ಲವಂತೆ. ನೀರು ತಗ್ಗಿನ ಬಸ್ ನಿಲ್ದಾಣದವರೆಗೂ ಬರುತ್ತದೆಂದು ಯಾರೋ ಕೂಗಿ, ಪರವೂರಿನವರನ್ನೆಲ್ಲ ಸಿಕ್ಕ ಸಿಕ್ಕ ಲಾರಿಗೆ ತುಂಬಿ ಗುಡ್ಡದಾಚೆ ಕಳಿಸಿದರಂತೆ. ಗಂಡ ಒಂದು ಲಾರಿಗೆ, ಹೆಂಡತಿ ಒಂದು ಲಾರಿಗೆ. ಅಪ್ಪ ಕೂಸನ್ನು ಹೆಗಲ ಮೇಲೆ ಹೊತ್ತುಕೊಂಡು ಅಲ್ಲಿನ ಎಲ್ಲ ಬಿಡಾರಗಳಿಗೂ ಹೋಗಿ ಬಂದ. "ಈ ಕೂಸು ಯಾರದ್ರೀ?" ಎಂದು ಕೂಗಿ ಕೂಗಿ ಗಂಟಲು ಬಿತ್ತು. ಯಾರೂ ನಮ್ಮದು ಎನ್ನಲಿಲ್ಲ. ಹೆಸರು ಕೇಳಿದರೆ ಕೂಸು ಬಾಯಿಯೇ ಬಿಡಲಿಲ್ಲ. ಕಡೆಗೆ ಅವ್ವ ಅವಳಿಗೆ ನೀರೆರೆದು, ಜಡೆ ಹಾಕಿ, ಹೊನ್ನವ್ವ ಎಂದು ಕರೆದಳು. ಅದಾಗಿ ಐದಾರು ವರ್ಷಕ್ಕೆ ನಾನು ಹುಟ್ಟಿದೆ.

ಮನೆಯಲ್ಲಿ ನಮ್ಮಿಬ್ಬರಿಗೂ ಒಂದೇ ಬಗೆಯ ಅನ್ನ, ಒಂದೇ ಬಗೆಯ ಏಟು. ಆದರೆ ಊರಿನ ಬಾಯಿ ಮುಚ್ಚುವವರಾರು? ಆ ಗದ್ದಲದಲ್ಲಿ ಬಹಳ ಜನ ಹೆಣ್ಣುಕೂಸುಗಳನ್ನು ಬೇಕೆಂದೇ ಬಿಟ್ಟುಹೋದರು ಎಂಬ ಮಾತು ಹುಟ್ಟಿಕೊಂಡಿತ್ತು. ಅಕ್ಕನ ಕಿವಿಗೆ ಅದು ಬಿದ್ದಾಗ ಅವಳಿಗೆ ಹತ್ತೋ ಹನ್ನೊಂದೋ. ಅವಳು ಅಳಲಿಲ್ಲ, ಜಗಳ ಆಡಲಿಲ್ಲ. ಆ ವರ್ಷದಿಂದ ಮಾತ್ರ, ಆ ದಿನ ಬಂದಾಗ ಒಂದೊಂದು ಜಾಗದಲ್ಲಿ ಹೋಗಿ ಕೂರಲು ಶುರುಮಾಡಿದಳು. ಮೊದಲು ಅರಳೆ ಪೇಟೆಯ ಮೆಟ್ಟಿಲು. ಏನೂ ಕೇಳಲಿಲ್ಲ. ಮರುವರ್ಷ ಬಸ್ ನಿಲ್ದಾಣದ ನೀರಿನ ತೊಟ್ಟಿಯ ಹತ್ತಿರ. ಅಲ್ಲೂ ಇಲ್ಲ. ವರ್ಷಕ್ಕೆ ಸಿಗುವುದು ಒಂದೇ ಸಲ. ಒಂದು ಕಡೆ ಕೂತರೆ ಊರಿನ ಉಳಿದ ಜಾಗಗಳೆಲ್ಲ ಮುಂದಿನ ವರ್ಷಕ್ಕೆ ಹೋದವು. ಅವಳು ದೊಡ್ಡವಳಾದಳು, ಅಪ್ಪನ ಜೊತೆ ಗಾದಿ ಹೊಲಿಯಲು ಕೂತಳು, ತಡವಾಗಿ ಮಲ್ಲೇಶಿಯೆಂಬ ಒಳ್ಳೆಯ ಆಟೋದವನನ್ನು ಮದುವೆಯಾದಳು. ಆ ದಿನದ ಹುಡುಕಾಟ ಬಿಡಲಿಲ್ಲ. ಪದ್ಧತಿ ಮುರಿದು ಊರವರನ್ನು ಕೇಳುತ್ತಿದ್ದಳು: "ನಿಮಗ ಕೂಸು ಅಳೂದು ಏನರ ಕೇಳಸ್ತೈತೇನ್ರಿ?" ಜನ ಪಾಪ, ನೆನಪು ಮಾಡಿಕೊಂಡು, ಇಲ್ಲವೆಂದು ತಲೆಯಾಡಿಸುತ್ತಿದ್ದರು.

"ಸಾಕು ಬಿಡವಾ" ಎಂದು ಅಪ್ಪ ಒಮ್ಮೆ ಹೇಳಿದ. "ನೀ ಆ ಹೊತ್ತಿಗೆ ಈ ಊರಾಗ ಇದ್ದೀ ಅಂತ ಯಾರಿಗೆ ಗೊತ್ತು? ಆಮ್ಯಾಲ ಬಂದಿದ್ದೀ ಏನೋ."

"ಹಂಗಿದ್ರ ಹಂಗ. ಅದೂ ಗೊತ್ತಾಗ್ಲಿ" ಎಂದಳು ಅಕ್ಕ.

ಅಪ್ಪನಿಗೆ ಒಳಗೊಳಗೇ ಹೆದರಿಕೆಯಿತ್ತು ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ.

ಹೋದ ವರ್ಷದ ಮಾತು ಹೇಳುತ್ತೇನೆ. ಅಕ್ಕ ಬಸುರಿಯಾಗಿದ್ದಳು, ಐದು ತುಂಬಿತ್ತು. ಮದುವೆಯಾಗಿ ಎಷ್ಟೋ ವರ್ಷ ಬೇಡ ಬೇಡವೆಂದು ಮುಂದೂಡಿದವಳು. ಯಾಕೆ ಎಂದು ಕೇಳಿದರೆ, ಹಡೆದವಳು ಕೂಸನ್ನು ಹೇಗೆ ಬಿಟ್ಟುಹೋಗುತ್ತಾಳೆ ಎಂಬುದು ತಿಳಿಯದೆ ತಾನು ಹಡೆಯಲಾರೆ, ಆ ಗುಣ ತನ್ನಲ್ಲೂ ಇದ್ದರೆ ಏನು ಗತಿ ಎನ್ನುತ್ತಿದ್ದಳು. ಈಗ ಹೊಟ್ಟೆಯಲ್ಲಿ ಕೂಸು ಬಂದೇಬಿಟ್ಟಿತ್ತು. ಆ ದಿನಕ್ಕೆ ಇನ್ನು ವಾರ ಉಳಿದಿರುವಾಗ ಹೂ ಮಾರುವ ಕಾಸಿಂಬಿ ಗಾದಿ ಕೊಳ್ಳಲು ನಮ್ಮಂಗಡಿಗೆ ಬಂದಳು. ಗಾದಿಯ ಬಟ್ಟೆ ಆರಿಸುತ್ತ ಆರಿಸುತ್ತ ಅಕ್ಕನ ಹೊಟ್ಟೆಯ ಮೇಲೆ ಕೈಯಿಟ್ಟಳು.

"ಏನ್ ಒದಿತೈತಿ ಇದು! ಹುಟ್ಟಿದ ಮ್ಯಾಲ ಊರ ಹಾರಸ್ತೈತಿ ನೋಡು. ನನಗ ವರ್ಷಾ ಒಂದು ಕೂಸು ನಗೂದು ಕೇಳಸ್ತೈತಲ್ಲ, ಹಂಗ ಕಿಲಕಿಲ ನಗಬೇಕಿದು."

ಅಕ್ಕನ ಕೈಯಲ್ಲಿದ್ದ ಸೂಜಿ ನಿಂತಿತು. "ಯಾವ ಕೂಸು?"

"ಆ ದಿನದ್ದು. ನಾ ಬುಟ್ಟಿ ಇಟ್ಕೊಂಡು ಕೂಡ್ತೀನಲ್ಲ, ಅಲ್ಲಿ. ಎದರಿಗೆ ಭಾಂಡಿ ಅಂಗಡಿ ಕಡಿಂದ ಕೇಳಸ್ತೈತಿ. ಮಂದಿ ಮಾತಿನ ಗದ್ದಲದಾಗೂ ಅದೊಂದು ನಗಿ ಬ್ಯಾರೆ ಗೊತ್ತಾಗ್ತೈತಿ."

"ಇಷ್ಟ್ ವರ್ಷ ನಾ ಕೇಳೀನಲ್ಲ ಕಾಸಿಂಬಿ, ಒಂದು ಮಾತ ಹೇಳಲಿಲ್ಲಲ್ಲ ನೀ!"

ಕಾಸಿಂಬಿಗೆ ನಿಜಕ್ಕೂ ಅಚ್ಚರಿಯಾಯಿತು. "ನೀ ಕೇಳಿದ್ದು ಅಳೂ ಕೂಸು. ನನಗ ಕೇಳೂದು ನಗೂ ಕೂಸು. ಎರಡೂ ಒಂದ ಹೆಂಗಾದೀತು ಅಂತ ಸುಮ್ಮನಿದ್ದೆ."

ಅವಳು ಹೋದ ಮೇಲೆ ಅಕ್ಕ ಒಂದೇ ಹೊಲಿಗೆಯನ್ನು ಬಿಚ್ಚಿ ಬಿಚ್ಚಿ ಹಾಕಿದಳು. ಮಧ್ಯಾಹ್ನದ ಊಟಕ್ಕೆ ಕೂತಾಗ ನನ್ನನ್ನು ಕೇಳಿದಳು, "ಕಸ್ತೂರಿ, ಬಿಟ್ಟುಹೋದ ಕೂಸು ನಗತೈತೇನು?" ಅದು ಬೇರೆ ಯಾರ ಕೂಸೋ ಆಗಿರಬಹುದು ಎಂದೆ. ಆಗಿರಬಹುದು ಎಂದು ಅವಳೂ ಒಪ್ಪಿದಳು. ಊಟ ಅರ್ಧಕ್ಕೆ ಬಿಟ್ಟು ಎದ್ದು ಕೈತೊಳೆದು ಭಾಂಡಿ ಅಂಗಡಿಗೆ ಹೊರಟೇಬಿಟ್ಟಳು. ನಾನೂ ಬೆನ್ನು ಹತ್ತಿದೆ.

ಪಾತ್ರೆ ಮಾರುವ ಆ ಅಂಗಡಿಯ ಅಡಿವೆಪ್ಪನ ದನಿ ನಮ್ಮೂರಿನಲ್ಲೇ ದೊಡ್ಡದು. ತಾಮ್ರ ಹಿತ್ತಾಳೆಯ ನಡುವೆ ಬದುಕಿದ್ದಕ್ಕೋ ಏನೋ, ಅವನು ಸುಮ್ಮನೆ ಬಾ ಎಂದರೂ ಹೊಡೆಯಲು ಕರೆದಂತಿರುತ್ತಿತ್ತು. ಹೆಂಡತಿ ಎಂದೋ ತೀರಿಕೊಂಡಿದ್ದಳು. ಒಬ್ಬನೇ ಮಗ ಬಸಲಿಂಗ, ಅಣೆಕಟ್ಟು ಒಡೆದ ದಿನ ಸಂಜೆ ಊರಿನ ಹುಡುಗರ ಜೊತೆ ಅಲ್ಲಿಗೆ ನೆರವಿಗೆ ಹೋದವನು ಗೋಡೆಯ ಇನ್ನಷ್ಟು ಭಾಗ ಕುಸಿದಾಗ ಅದರಡಿ ಹೋದ. ಅಂದಿನಿಂದ ಅಡಿವೆಪ್ಪ ವ್ಯಾಪಾರ ಮಾಡಿದ್ದು ಹೆಸರಿಗೆ. ಗೋಡೆಗೆ ಒರಗಿಸಿದ ದೊಡ್ಡ ಹಂಡೆಗಳನ್ನು ಯಾರು ಕೇಳಿದರೂ ಕೊಡಲಿಲ್ಲ, ಸರಿಸಲೂ ಇಲ್ಲ. ಆ ದಿನ ಬಂತೆಂದರೆ ಒಳಗಿನಿಂದ ಬಾಗಿಲು ಹಾಕಿಕೊಳ್ಳುತ್ತಿದ್ದ. ಸ್ವಲ್ಪ ಹೊತ್ತಿಗೆ ಹಿಂದಿನ ಬಾಗಿಲಿಂದ ದಡಬಡಿಸಿ ಹೊರಗೆ ಓಡಿಬರುವುದನ್ನು ನಾವೆಲ್ಲ ನೋಡಿದ್ದೆವು. ಅಕ್ಕ ಹಿಂದೊಮ್ಮೆ ಅಂಗಡಿಯೊಳಗೆ ಕೂರಲು ಕೇಳಿದಾಗ ತಟ್ಟೆ ಎಸೆದು ಅಟ್ಟಿದ್ದ.

ಈ ಸಲವೂ ಅವಳನ್ನು ಕಂಡೊಡನೆ ಕೂಗಿದ. "ಮತ್ತ ಬಂದಿ? ಹೇಳಿಲ್ಲ ನಿನಗ? ಆವತ್ತು ಯಾರನ್ನೂ ಒಳಗ ಬಿಡೂದಿಲ್ಲ!"

"ಒಳಗ ಬರೂದಿಲ್ರಿ ನಾ" ಎಂದಳು ಅಕ್ಕ, ಹೊಸ್ತಿಲಾಚೆಗೇ ನಿಂತು. "ನಿಮ್ಮ ಕಿವಿ ಬೇಕಾಗೇತಿ. ಅಂಗಡ್ಯಾಗ ಒಂದು ಕೂಸು ನಗೂದು ನಿಮಗ ಕೇಳಸ್ತೈತಿ? ಅದರ ಹಿಂದ ಯಾರರ ಹೆಂಗಸರು ಮಾತಾಡ್ತಾರ? ಅಷ್ಟ ಹೇಳ್ರಿ ಸಾಕು. ಹೊಳ್ಳಿ ಎಂದೂ ಬರೂದಿಲ್ಲ."

ಅಡಿವೆಪ್ಪ ಬಾಯಿ ತೆರೆದ. ಕೂಗು ಬರುತ್ತದೆಂದು ನಾನು ಹಿಂದೆ ಸರಿದೆ. ಕೂಗು ಬರಲಿಲ್ಲ. ಅಕ್ಕನ ಹೊಟ್ಟೆ ನೋಡಿದನೋ, ಮುಖ ನೋಡಿದನೋ, ಗದ್ದಿಗೆಯ ಮೇಲೆ ಕುಸಿದು ಕೂತ.

"ಕೂಸು, ಹೆಂಗಸು ಅಂತ ನಾ ಎಂದೂ ಕಿವಿ ಕೊಟ್ಟಿಲ್ಲ. ನನಗ ಕೇಳೂದು ನಂದ ದನಿ" ಎಂದ. "ಆ ಹುಡುಗ ಓದು ಬಿಟ್ಟು ನಾಟಕದವರ ಸಂಗಾಟ ಹೋಗ್ತೀನಿ ಅಂದಿದ್ದ. ತಾಟ ಒಗದು ಬೈದೆ. ನೀ ನನ್ನ ಮಗನ ಅಲ್ಲ, ಹೊಂಟ ಹೋಗು ಅಂದೆ. ಸುದ್ದಿ ಬಂತು. ಮಂದಿ ಎಲ್ಲ ಓಣ್ಯಾಗ ಬಿತ್ತು. ಸಂಜೀಕ ಅಂವ ಹೊಂಟ ಹೋದ. ವರ್ಷಾ ವರ್ಷಾ ಅದನ್ನ ಕೇಳ್ತೀನಿ. ನನ್ನ ಮಾತು ನನಗ ಬಡಿತೈತಿ."

"ಆ ಮಾತಿನ ಮ್ಯಾಲ ಏನ್ ಕೇಳಸ್ತೈತಿ?"

"ಆವತ್ತು ಸಿಟ್ಟಿನಾಗ ಏನೂ ತಲ್ಯಾಗ ಹೋಗಲಿಲ್ಲ. ಈಗ ಅದರ ಮ್ಯಾಲ ನಾ ಎಂದೂ ನಿಂತಿಲ್ಲ. ಕಿವಿ ಮುಚ್ಕೊಂಡು ಓಡ್ತೀನಿ."

"ಹಂಗಾರ ಅಂವ ಏನಂದ ನಿಮಗ ಗೊತ್ತ ಇಲ್ಲ?"

"ಏನಂದಾನು! ಅಪ್ಪ ಹಂಗ ಅಂದ್ರ ಮಗಾ ಏನಂದಾನು? ಕೇಳೂ ಧೈರ್ಯ ಇಲ್ಲವ್ವಾ ನನಗ."

ಅಕ್ಕ ಹೊಸ್ತಿಲ ಮೇಲೆ ಕೂತಳು. "ನನಗೂ ಅದ ಹೆದರಿಕಿ" ಎಂದಳು. "ನಮ್ಮವ್ವ ನನ್ನ ಬಿಟ್ಟು ಹೋಗೂ ಮಾತು ಆಡೂದು ಕೇಳಿಸಿದ್ರ ಏನ್ ಮಾಡ್ಲಿ? ಆದರೂ ಕೇಳಬೇಕು ಅನಸ್ತೈತಿ. ಈ ಸಲ ಓಡಬ್ಯಾಡ್ರಿ. ನಾ ಬಂದು ನಿಮ್ಮ ಕೈ ಹಿಡ್ಕೊಂಡು ಕೂಡ್ತೀನಿ. ಕಿವಿ ಮುಚ್ಚಾಕ ಬಿಡೂದಿಲ್ಲ. ಬೈಯ್ದ್ರ ಬೈಯ್ರಿ."

ಅಡಿವೆಪ್ಪ ಮುಖ ತಿರುಗಿಸಿ ತಕ್ಕಡಿ ಒರೆಸತೊಡಗಿದ. ಆದರೆ ಆ ದಿನ ಬೆಳಿಗ್ಗೆ ನಾವು ಹೋದಾಗ ಅಂಗಡಿಯ ಬಾಗಿಲು ಅರ್ಧ ತೆರೆದಿತ್ತು.

ಓಣಿಯಲ್ಲಿ ಜನ ಅವರವರ ಜಾಗ ಹಿಡಿದು ಕೂತಿದ್ದರು. ಎದುರಿಗೆ ಕಾಸಿಂಬಿ ಬುಟ್ಟಿ ಮುಂದಿಟ್ಟುಕೊಂಡು ನಮ್ಮ ಕಡೆ ನೋಡಿ ಕಣ್ಣು ಮುಚ್ಚಿ ತೆರೆದಳು. ಅಡಿವೆಪ್ಪ ಎಂದಿನಂತೆ ಗದ್ದಿಗೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದ. ಅಕ್ಕ ಅವನ ಕೈ ಹಿಡಿಯುವಷ್ಟು ಹತ್ತಿರ ಕೂರಬೇಕೆಂದರೆ ಅಲ್ಲಿ ಇದ್ದದ್ದು ಒಂದೇ ಸಂದಿ, ಗೋಡೆಗೂ ದೊಡ್ಡ ಹಂಡೆಗೂ ನಡುವಿನದು. ಹೊಟ್ಟೆ ಹೊತ್ತವಳು ಅಡ್ಡಡ್ಡ ಸರಿದು ಅದರೊಳಗೆ ಹೊಕ್ಕು, ನೆಲಕ್ಕೆ ಕೂತು, ಮೇಲಕ್ಕೆ ಕೈಚಾಚಿ ಮುದುಕನ ಎರಡೂ ಮುಂಗೈ ಹಿಡಿದಳು. ನಾನು ಬಾಗಿಲಲ್ಲಿ ನಿಂತೆ. ನನಗೆ ಕೇಳಿಸಿದ್ದು ಎಲ್ಲೋ ಕಾಗೆ ಕೂಗಿದ್ದು, ಬಿಸಿಲಿಗೆ ತಗಡು ಚಟಕ್ ಎಂದದ್ದು. ಉಳಿದದ್ದು ಅಕ್ಕ ಆಮೇಲೆ ಹೇಳಿದ್ದು.

ಮೊದಲು ಟಣ್ಣೆಂದು ತಾಟು ಬಿದ್ದ ಸದ್ದಾಯಿತಂತೆ. ನಿಜವಾಗಿಯೇ ಏನೋ ಬಿತ್ತೆಂದು ಅವಳು ತಿರುಗಿ ನೋಡಿದಳು. ಏನೂ ಬಿದ್ದಿರಲಿಲ್ಲ. ಅಷ್ಟರಲ್ಲಿ ತೀರಾ ಹತ್ತಿರ, ತನ್ನ ಬಾಯಿಂದಲೇ ಎಂಬಷ್ಟು ಹತ್ತಿರ, ಒಂದು ಕೂಸು ಕೈಯಿಂದ ಬಾಯಿ ಮುಚ್ಚಿಕೊಂಡು ಕಿಸಕಿಸ ನಕ್ಕಿತು. ಇಷ್ಟು ವರ್ಷದಲ್ಲಿ ಆ ದಿನ ಅಕ್ಕನಿಗೆ ಏನಾದರೂ ಕೇಳಿಸಿದ್ದು ಅದೇ ಮೊದಲು.

ಆಮೇಲೆ ಹೊರಗಿನಿಂದ, ಓಣಿಯಿಂದ, ಹೆಂಗಸಿನ ದನಿ. ಎಳೆಯ ದನಿ, ಈಗಿನ ಅಕ್ಕನಿಗಿಂತ ಬಹಳ ಚಿಕ್ಕವಳದು.

"ಎಲ್ಲಿ ಹ್ವಾದ್ಲು ನನ್ನ ಬಂಗಾರಿ? ಕಟ್ಟಿ ಮ್ಯಾಲ ಇಲ್ಲ... ಗಾಡಿ ಕೆಳಗ ಇಲ್ಲ... ಕಾಗಿ ಒಯ್ತೇನು? ಏ ಕಾಗಿ, ಕೊಡು ನನ್ನ ಬಂಗಾರೀನ!"

ಹಂಡೆಯ ಹಿಂದಿನ ಕೂಸು ನಗು ತಡೆಯಲಾರದೆ ಮೂಗಿನಲ್ಲಿ ಪುಸ್ ಎಂದಿತು. ಹೊರಗಿನವಳು ಅದನ್ನು ಕೇಳಿಸಿಕೊಂಡೂ ಕೇಳಿಸಿಕೊಳ್ಳದವಳಂತೆ, "ಇಲ್ಲೂ ಇಲ್ಲಲ್ಲ!" ಎಂದು ನಗುತ್ತ ಇನ್ನೊಂದು ಹೆಜ್ಜೆ ಹತ್ತಿರ ಬಂದಳು. ಬಸ್ಸು ಬರುವ ತನಕ ಹೊತ್ತು ಕಳೆಯಲು ತಾಯಿ ಮಗಳು ಆಡುತ್ತಿದ್ದ ಆಟವಿರಬೇಕು ಅದು.

ಆಗ ಬಡಿಯಿತು ಅಡಿವೆಪ್ಪನ ಮಾತು. "ನೀ ನನ್ನ ಮಗನ ಅಲ್ಲ! ಹೊಂಟ ಹೋಗು!" ಪಾತ್ರೆಗಳೆಲ್ಲ ಝಣಗುಟ್ಟಿದವಂತೆ. ಗದ್ದಿಗೆಯ ಮೇಲಿದ್ದ ಮುದುಕ ಒಮ್ಮೆಲೇ ಕೈಗಳನ್ನು ಸೆಳೆದುಕೊಂಡದ್ದನ್ನು ನಾನು ಕಂಡೆ. ಅಕ್ಕ ಹಿಡಿದಿರಲಿಲ್ಲ. ಅವಳ ಕೈಗಳು ಆಗಲೇ ಸಡಿಲಾಗಿ ತೊಡೆಯ ಮೇಲೆ ಬಿದ್ದಿದ್ದವು. ಓಡುತ್ತಾನೆ ಇವನು ಎಂದುಕೊಂಡೆ. ಅವನ ಕೈ ಕಿವಿಯ ಹತ್ತಿರ ಹೋಗಿಯೂ ಇತ್ತು. ಆಗ ಅವನು ಕೆಳಗೆ ಅಕ್ಕನ ಮುಖ ನೋಡಿದ. ಕಣ್ಣಿಂದ ನೀರು ಸುರಿಯುತ್ತಿದೆ, ಬಾಯಿ ನಗುತ್ತಿದೆ, ಹಾಗಿತ್ತು ಆ ಮುಖ. ಅಡಿವೆಪ್ಪ ಕೈಗಳನ್ನು ತಾನೇ ಕೆಳಗಿಳಿಸಿ ಮೊಣಕಾಲ ಮೇಲಿಟ್ಟುಕೊಂಡ. ಕೂತೇ ಉಳಿದ.

ಕೂಸಿನ ನಗು ನಿಂತಿತ್ತು. ಆ ನಿಶ್ಶಬ್ದದಲ್ಲಿ ಒಬ್ಬ ಹುಡುಗನ ದನಿ, ತಗ್ಗಿದ್ದು, ಒಳಗೇ ನಗುತ್ತಿದ್ದಂಥದ್ದು:

"ಅಪ್ಪಾ, ಮೆಲ್ಲಕ ಮಾತಾಡು. ಹಂಡೆ ಹಿಂದ ಒಂದು ಕೂಸು ಅಡಗೇತಿ. ಅಂಜತೈತಿ ಅದು."

"ಸಿಗ್ತಾಳ, ಈಗ ಸಿಗ್ತಾಳ ನನ್ನ ಬಂಗಾರಿ" ಎಂದು ಹೊರಗಿನ ದನಿ ಹೊಸ್ತಿಲ ತನಕ ಬಂತು. ಅಷ್ಟರಲ್ಲಿ ರೇಡಿಯೋದಲ್ಲಿ ಬರುತ್ತಿದ್ದ ಹಾಡು ನಡುವೆಯೇ ನಿಂತು, ಗಂಟಲು ಸರಿಮಾಡಿಕೊಂಡು ಒಬ್ಬ ಮನುಷ್ಯ ಸುದ್ದಿ ಓದಿದ. ಅಲ್ಲಿಗೆ ಮುಗಿಯಿತು.

ಓಣಿಯಲ್ಲಿ ಜನ ಒಬ್ಬೊಬ್ಬರಾಗಿ ಏಳತೊಡಗಿದರು, ಲಾರಿಗಳು ಚಾಲೂ ಆದವು. ಅಂಗಡಿಯೊಳಗೆ ಇಬ್ಬರೂ ಅಲುಗಾಡಲಿಲ್ಲ. ಕಡೆಗೆ ಅಡಿವೆಪ್ಪ ಕೇಳಿದ, "ಕೂಸು ಅಂದನಲ್ಲ?"

"ಹೂಂ. ಹಂಡೆ ಹಿಂದ ಅಂದ."

"ಮೆಲ್ಲಕ ಮಾತಾಡು ಅಂದ. ಸಿಟ್ಟ ಇರಲಿಲ್ಲ ಅವಗ. ಕೇಳಿದಿಲ್ಲ ನೀನೂ? ನಗತಿದ್ದ ನನ್ನ ಮಗ." ತನಗೊಬ್ಬನಿಗೇ ಹಾಗೆ ಕೇಳಿತೋ ಏನೋ ಎಂಬ ಅಂಜಿಕೆಯಿಂದ ಮತ್ತೊಮ್ಮೆ ಕೇಳಿದ, "ನಗತಿದ್ದ, ಹೌದಲ್ಲ?"

"ಹೌದ್ರಿ, ನಗತಿದ್ದ. ನನ್ನ ಸಲುವಾಗಿ ನಗತಿದ್ದ" ಎಂದಳು ಅಕ್ಕ. ಆಮೇಲೆ, ಮುದುಕ ಏನು ಮಾಡಬೇಕೆಂದು ತಿಳಿಯದೆ ಅವಳ ತಲೆಯ ಮೇಲೆ ಕೈಯಿಟ್ಟ. ಆ ಸಂದಿಯಿಂದ ಅವಳನ್ನು ಹೊರಗೆ ತೆಗೆಯಬೇಕಾದರೆ ನಾನು ಮತ್ತು ಕಾಸಿಂಬಿ ಸೇರಿ ಹಂಡೆಯನ್ನು ಉರುಳಿಸಬೇಕಾಯಿತು. ಅಷ್ಟು ವರ್ಷ ಒಂದೇ ಕಡೆ ಇದ್ದ ಹಂಡೆ ನೆಲದ ಮೇಲೆ ಹಸಿರು ಬಳೆಯಂಥ ಗುರುತು ಬಿಟ್ಟಿತ್ತು.

ಮನೆಗೆ ಬಂದಾಗ ಅಪ್ಪ ಅರಳೆಯ ಗುಡ್ಡೆಯ ಪಕ್ಕ ಕೆಲಸವಿಲ್ಲದೆ ಕೂತಿದ್ದ. ಸುದ್ದಿ ಅವನಿಗೆ ಮೊದಲೇ ಮುಟ್ಟಿತ್ತು, ನಮ್ಮೂರಲ್ಲಿ ಅದಕ್ಕೇನು ತಡ. ಅಕ್ಕನನ್ನು ಕಂಡು ಎದ್ದು ನಿಂತ, ಮತ್ತೆ ಕೂತ. "ಸಿಕ್ತಂತಲ್ಲ" ಎಂದ. "ಬಾಳ ಚಲೋ ಆತು." ಅರಳೆಯ ಒಂದು ಉಂಡೆ ಹಿಡಿದು ಹಿಂಜತೊಡಗಿದ. "ಇನ್ನ ಅವರನ್ನ ಹುಡಕ್ಕೊಂತ ಹೋಗಾಕಿ ನೀ. ಹೋಗಬೇಕು ಮತ್ತ. ನಾ ಬ್ಯಾಡ ಅನ್ನೂದಿಲ್ಲ."

ಅಕ್ಕ ಅವನ ಎದುರು ಕೂತಳು. "ಅಪ್ಪಾ, ನೀ ನನ್ನ ಹೊತ್ಕೊಂಡು ಬಿಡಾರಕ್ಕ ಬಿಡಾರ ಅಡ್ಡ್ಯಾಡಿದಿ. ಆ ಗದ್ದಲದಾಗ ಆಕೀನ ಯಾವ ಲಾರಿಗೆ ತುಂಬಿ ಒಯ್ದರೋ, ಎಲ್ಲೆ ನನ್ನ ಹುಡುಕತಿದ್ಲೋ ಏನೋ. ಇಬ್ಬರೂ ನನ್ನ ಸಲುವಾಗಿ ತಿರುಗೀರಿ, ಒಬ್ಬರಿಗೊಬ್ಬರು ಸಿಗಲಿಲ್ಲ ಅಷ್ಟ. ನಾ ಹೋಗಿ ನೋಡಿ ಬರ್ತೀನಿ. ಬರ್ತೀನಿ ಅಂದ್ನಿ, ಕೇಳಿದ್ಯಾ?"

"ಹೆಂಗಿತ್ತವಾ ಆಕಿ ದನಿ?" ಎಂದ ಅಪ್ಪ.

ಅಕ್ಕ ಆ ಆಟದ ಮಾತನ್ನು ಹಾಗೇ ಆಡಿ ತೋರಿಸಿದಳು. ಕಾಗೆಗೆ ಗದರುವಲ್ಲಿಗೆ ಬಂದಾಗ ಅಪ್ಪ ನಕ್ಕೇಬಿಟ್ಟ. ಇನ್ನೊಮ್ಮೆ ಎಂದ. ಅವ್ವ ಒಳಗಿನಿಂದ ಬಂದು ತನಗೂ ಬೇಕೆಂದಳು. ಅವತ್ತು ನಾವು ಅದನ್ನು ಎಷ್ಟು ಸಲ ಹೇಳಿಸಿದೆವೋ.

ಅಕ್ಕ ಒಬ್ಬಳೇ ಹೋಗಲಿಲ್ಲ. ಅಣೆಕಟ್ಟಿನ ಜಾಗಕ್ಕೆ ಅಡಿವೆಪ್ಪ ಇಷ್ಟು ವರ್ಷದಲ್ಲಿ ಒಮ್ಮೆಯೂ ಹೋಗಿರಲಿಲ್ಲ. ಅಕ್ಕ ಹೊರಟದ್ದು ಕೇಳಿ ತಾನೂ ಬರುತ್ತೇನೆಂದು ಕೋಲು ಹಿಡಿದು ಬಂದ. ಬಸುರಿಯೊಬ್ಬಳು, ಮುದುಕನೊಬ್ಬ, ಅವರಿಬ್ಬರ ಚೀಲ ಹೊರಲು ನಾನು. ಮಲ್ಲೇಶಿ ಆಟೋದಲ್ಲಿ ಬಸ್ ನಿಲ್ದಾಣದ ತನಕ ತಂದು, ಅಕ್ಕನಿಗೆ ಕಿಟಕಿಯ ಸೀಟು ಹಿಡಿದು ಕೊಟ್ಟ. ಗುಡ್ಡದಾಚೆಯ ಊರುಗಳಲ್ಲಿ ಇಳಿದಿಳಿದು ಅಕ್ಕ ವಿಚಾರಿಸಿದಳು. ಆ ಕಾಲದಲ್ಲಿ ಕೂಸು ಕಳೆದುಕೊಂಡ ತಾಯಂದಿರ ಕತೆ ಅಲ್ಲಿ ಮನೆಮನೆಗೊಂದು. ಬಂಗಾರಿ ಎಂದು ಕರೆಯದ ತಾಯಿ ಯಾರಿದ್ದಾರೆ? ಒಬ್ಬಳು ಮುದುಕಿ ಅಕ್ಕನ ಗಲ್ಲ ಹಿಡಿದು ಬಹಳ ಹೊತ್ತು ನೋಡಿ, ನನ್ನವಳಲ್ಲ ಎಂದು ತಲೆಯಾಡಿಸಿ, ಆದರೂ ಊಟ ಮಾಡಿಸಿಯೇ ಕಳಿಸಿದಳು. ನಮ್ಮೂರ ಹೆಸರು, ಅಪ್ಪನ ಅಂಗಡಿಯ ಗುರುತು ಎಲ್ಲ ಕಡೆ ಹೇಳಿಬಂದೆವು. ಅಕ್ಕ ಹುಡುಕಿಕೊಂಡು ಬಂದ ದನಿ ಸಿಗಲಿಲ್ಲ. ಆದರೆ ಅವಳು ಸೋತವಳಂತೆ ನಡೆಯಲೂ ಇಲ್ಲ. ದಾರಿಯುದ್ದಕ್ಕೂ ಹೊಟ್ಟೆಯೊಳಗಿನ ಕೂಸಿನ ಜೊತೆ ಮಾತಾಡುತ್ತಿದ್ದಳು.

ಕಡೆಯದಾಗಿ ಅಣೆಕಟ್ಟಿನ ಜಾಗಕ್ಕೆ ಹೋದೆವು. ಮುರಿದ ಗೋಡೆಯ ಎರಡು ತುದಿ ಎರಡು ದಂಡೆಯಲ್ಲಿ ನಿಂತಿವೆ, ನಡುವೆ ಹೊಳೆ ತನ್ನ ಪಾಡಿಗೆ ಹರಿಯುತ್ತದೆ. ಬೆಳಗಿನ ಬಿಸಿಲಿಗೆ ನೀರು ಹೊಳೆಯುತ್ತಿತ್ತು. ಬುಟ್ಟಿದೋಣಿಗಳಲ್ಲಿ ಕೂತು ಜನ ಮೀನು ಹಿಡಿಯುತ್ತಿದ್ದರು. ಅಡಿವೆಪ್ಪ ಚಪ್ಪಲಿ ಬಿಟ್ಟು ನೀರಿನಲ್ಲಿ ಮೊಣಕಾಲ ತನಕ ಇಳಿದ. ಜಾರೀತೆಂದು ಅಕ್ಕ ಪಕ್ಕದಲ್ಲೇ ಹೋಗಿ ತೋಳು ಹಿಡಿದಳು. ಮುದುಕ ಬಗ್ಗಿ ನೀರಿಗೆ ಏನೋ ಹೇಳಿದ. ಬಹಳ ಹೊತ್ತು ಹೇಳಿದ. ನಮ್ಮೂರಿನ ಆ ದೊಡ್ಡ ದನಿಯವನು ಎಷ್ಟು ಮೆಲ್ಲಗೆ ಮಾತಾಡಿದನೆಂದರೆ, ತೋಳು ಹಿಡಿದು ನಿಂತ ಅಕ್ಕನಿಗೂ ಒಂದು ಶಬ್ದ ಕೇಳಿಸಲಿಲ್ಲವಂತೆ.

ಅವನು ಮಾತು ಮುಗಿಸಿ ಮುಖ ಒರೆಸಿಕೊಂಡ ಮೇಲೆ ಅಕ್ಕ ನೆಟ್ಟಗೆ ನಿಂತಳು. ಒಂದು ಕೈ ಹೊಟ್ಟೆಯ ಮೇಲಿತ್ತು. ಅವಳು ಏನು ಮಾಡುತ್ತಾಳೆಂದು ನನಗೆ ಹೊಳೆಯುವ ಮೊದಲೇ, ಇನ್ನೊಂದು ಕೈಯನ್ನು ಬಾಯಿಗೆ ಹಿಡಿದು, ಹೊಳೆಯ ಆಚೆ ದಂಡೆಗೂ ಮುಟ್ಟುವ ಹಾಗೆ ಕೂಗಿದಳು:

"ಯವ್ವಾ! ಇಲ್ಲಿ ಅದೀನಿ ನೋಡು!"

ಬುಟ್ಟಿದೋಣಿಯವರೆಲ್ಲ ತಿರುಗಿ ನೋಡಿದರು. ಅವರಲ್ಲೊಬ್ಬಳು ಏನೂ ಅರ್ಥವಾಗದಿದ್ದರೂ ನಕ್ಕು, ಹುಟ್ಟನ್ನು ಎತ್ತಿ ಬೀಸಿದಳು.